ತಂಗಿಗೆ ಗಂಡು ನೋಡಿದ ಮೊಬೈಲು

ಹೊಸ ಆ್ಯಪ್ ಯಾವುದೇ ಬರಲಿ, ಅದು ಸೀದಾ ಬರೋದು ಆಳಂದಕ್ಕ, ಬಂದು ಮೊದಲು ಕೈ ಹಾಕೋದು ನನ್ನ ಮರ್ಯಾದಿಗೆ. ಹಿಂಗ್ಯಾಕ ಅಂತ ನಾನೂ ಭಾಳ ವಿಚಾರ ಮಾಡೇನಿ. ಬ್ಯಾರೆಯವರ ಮೊಬೈಲ್ ಬ್ಯಾರೆಯವರ ಕಿಸೆದಾಗ ಸುಮ್ಮ ಕುಂದರ್ತದ. ನಂದು ಮಾತ್ರ ಹಾದ್ಯಾಗ ಹೋಗೋ ಜಗಳ ಮನಿಗೆ ಕರಕೊಂಡು ಬರ್ತದ.

ಬಸ್ ಸ್ಟ್ಯಾಂಡಿನ ಹಿಂದ ನಂದೊಂದು ಬೀಜ, ಗೊಬ್ಬರದ ಅಂಗಡಿ ಅದ. ಮುಂಜಾನೆ ಗಿರಾಕಿ ಬರೋದ್ರಾಗ ಮೊಬೈಲ್‌ನ್ಯಾಗ ತಂತ್ರಜ್ಞಾನದ ಸುದ್ದಿ ಓದೋದು, ಬಂದವರಿಗೆಲ್ಲ ಅದನ್ನ ಜೋರಾಗಿ ಹೇಳೋದು ನನಗ ಚಟ. ಒಂದಿನ "ಇನ್ನ ಮ್ಯಾಲ ಎಲ್ಲಾರ ಕೆಲಸಾನೂ ಎಐ ಮಾಡ್ತದಂತ್ರೀ" ಅಂದೆ. ತೊಗರಿ ಬೀಜ ಒಯ್ಯಾಕ ಬಂದಿದ್ದ ಸರಸಂಬಾ ಊರಿನ ಒಬ್ಬ ಯಜಮಾನರು, "ಹೌದೇನ್ರಿ? ಹಂಗಾದ್ರ ನಾಳಿ ನಮ್ಮ ಹೊಲಕ್ಕ ಕಳಸ್ರಿ, ಕಸಾ ತೆಗಿಯಾಕ ಆಳು ಸಿಗವಲ್ರು" ಅಂದ್ರು. ಅಂದು ಚೀಲದ ಕಡಿ ನೋಡಿದ್ರು, ನನ್ನ ಕಡಿ ನೋಡಿದ್ರು. ಎಐ ಬರೋತನಕ ಯಾಕ ಕಾಯೋದು ಅಂತ ನಾನೇ ಚೀಲ ಎತ್ತಿ ಗಾಡ್ಯಾಗ ಒಗದೆ.

ಹಿಂಗ ನಡೆದಿದ್ದಾಗ ತಂಗಿಗೆ ಅಫಜಲಪುರದಿಂದ ಒಂದು ಸಂಬಂಧ ಬಂತು. ಹುಡುಗ ದನದ ಡಾಕ್ಟರ. ತಂಗಿ ಸಾಲ್ಯಾಗ ಟೀಚರ್. ಅಲ್ಲಿತನಕ ಬಂದ ಗಂಡುಗಳಿಗೆಲ್ಲ ಒಂದಿಲ್ಲೊಂದು ಕೊಂಕು ತೆಗದಾಕಿ, ಈ ಹುಡುಗನ ಫೋಟೋ ನೋಡಿ ಸುಮ್ಮ ಎದ್ದು ಅಡಿಗಿಮನಿಗೆ ಹೋದ್ಲು, ಯಾರೂ ಕೇಳದಿದ್ರೂ ಎಲ್ಲಾರಿಗೂ ಚಹಾ ಮಾಡಿ ತಂದ್ಲು. ಅವ್ವಗ ತಿಳೀತು. ಆದ್ರ ಆ ಮನ್ಯಾಗ ನಡಿಯೋದು ಹುಡುಗನ ಆಯಿ ಮಾತು. ಅಪ್ಪನ ಅವ್ವ ಆಕಿ. ಆಕಿ ಹೂಂ ಅಂದ್ರ ಹೂಂ, ಊಹೂಂ ಅಂದ್ರ ಮುಗೀತು.

ತಂಗಿ ನನ್ನ ಒಬ್ಬನ್ನ ಬಾಜೂಕ ಕರದು ಹೇಳಿದ್ಲು. "ಅಣ್ಣಾ, ಈ ಮನಿ ನನಗ ಮನಸಿಗೆ ಬಂದದ. ನಿನ್ನ ಮೊಬೈಲ್ ಶ್ಯಾಣ್ಯಾತನ ಇದರಾಗ ತರಬ್ಯಾಡ, ಕೈ ಮುಗೀತೇನಿ."

ನಾ ತಂದೆ.

ಹಣಿ ಮ್ಯಾಲಿನ ಕಲಿ

ಹುಡುಗನ ಮನಿಯವರು ತಂಗಿ ಫೋಟೋ ಕೇಳಿದ್ರು. ಅಂಗಳದಾಗ ನಿಲ್ಲಿಸಿ ತೆಗದೆ. ಚಲೋ ಬಂದಿತ್ತು. ಅಷ್ಟಕ್ಕೇ ಬಿಡಬೇಕಿತ್ತು. ಫೋಟೋದ ಕೆಳಗ ಮೊಬೈಲ್ ತಾನೇ ಕೇಳ್ತು, "ಇನ್ನಷ್ಟು ಅಂದಗೊಳಿಸಲೇ?" ಅಂತ. ಇಷ್ಟು ಮರ್ಯಾದಿಲೆ ನಮ್ಮ ಮನ್ಯಾಗ ನನಗ ಯಾರೂ ಏನೂ ಕೇಳಂಗಿಲ್ಲ. ಹೂಂ ಅಂತ ಒತ್ತಿದೆ. ಅಷ್ಟರಾಗ ಗಿರಾಕಿ ಬಂದ್ರು, ನೋಡದೇ ಕಳಿಸಿಬಿಟ್ಟೆ.

ಮರುದಿನ ಆಯಿನೇ ಫೋನ್ ಹಚ್ಚಿದ್ರು. "ತಮ್ಮಾ, ಹುಡುಗಿ ಹಣಿ ಯಾಕ ಭಣಭಣ ಅದ? ನಿಮ್ಮ ಮನ್ಯಾಗ ವಿಭೂತಿ ಹಚ್ಚಂಗಿಲ್ಲೇನು? ಶರಣರ ಮನಿ ಅಂತ ಹೇಳಿದ್ರಲ್ಲ ನಮಗ?"

ಲಗುಲಗು ಫೋಟೋ ತೆಗದು ನೋಡ್ತೇನಿ, ತಂಗಿ ಸುಣ್ಣ ಬಳದಂಗ ಬೆಳ್ಳಗ ಆಗ್ಯಾಳ, ಮೂಗು ಅರ್ಧ ಕರಗ್ಯಾದ, ಹಣಿ ಮ್ಯಾಲಿನ ವಿಭೂತಿ ಪೂರಾ ಮಾಯ! ಆ ಮಬ್ಬು ಮೊಬೈಲ್ ಅದನ್ನ ಕಲಿ ಅಂತ ತಿಳಕೊಂಡು ತಿಕ್ಕಿ ತಿಕ್ಕಿ ವರಸ್ಯಾದ.

"ಹಚ್ಚಿದ್ಲುರೀ ಆಯಿ. ದಿನಾ ಹಚ್ಚತಾಳ. ಮೊಬೈಲ್ ವರಸಿಬಿಟ್ಟದ್ರೀ."

ಆಯಿ ಅಂದ್ರು, "ಹಂಗಾದ್ರ ಮೊದಲ ಆ ಮೊಬೈಲಿಗೆ ದೀಕ್ಷಾ ಕೊಡಸ್ರಿ. ಸಂಬಂಧದ ಮಾತು ಆಮ್ಯಾಲ ಆಡೂಣು."

ಅಭಿನಂದನೆಗಳು

ಎರಡೂ ಮನಿ ನಡುವ ಮಾತು ತಂದವರು ಹುಡುಗನ ಸೋದರಮಾವ. ಜೇವರ್ಗ್ಯಾಗ ಅವರ ಕಾಳಿನ ವ್ಯಾಪಾರ. ಭಾಳ ಒಳ್ಳೆ ಮನುಷ್ಯ. ಫೋಟೋದ ಗದ್ದಲ ಅವರೇ ಹ್ಯಾಂಗೋ ಸಂಭಾಳಿಸಿ, ಆಯಿಗೆ ಸಮಾಧಾನ ಹೇಳಿ, ಹುಡುಗಿ ನೋಡಾಕ ಬರೋ ದಿನ ಗೊತ್ತು ಮಾಡಿದ್ರು.

ಅದರ ಹಿಂದಿನ ದಿನ ಅವರಿಂದ ಮೆಸೇಜ್ ಬಂತು. "ನಮ್ಮ ದೊಡ್ಡಪ್ಪನವರು ಇಂದು ಮುಂಜಾನೆ ಲಿಂಗೈಕ್ಯರಾದರು. ಹುಡುಗಿ ನೋಡೋದು ಮುಂದಕ್ಕ ಹಾಕೇವಿ." ನಾ ಯೂರಿಯಾ ಚೀಲ ಇಳಿಸಾಕತ್ತಿದ್ದೆ, ಕೈಯೆಲ್ಲ ಧೂಳು. ಮೆಸೇಜಿನ ಕೆಳಗ ಮೊಬೈಲ್ ತಯಾರ್ ಉತ್ತರ ಜೋಡಿಸಿ ಇಟ್ಟಿತ್ತು. "ಸರಿ", "ಕ್ಷಮಿಸಿ", "ಅಭಿನಂದನೆಗಳು!" ನನ್ನ ಬೆರಳು ಹೊಂಟಿದ್ದು ಮೊದಲಿನದಕ್ಕ. ಬಿದ್ದಿದ್ದು ಕಡೀದ್ದಕ್ಕ.

ಅಯ್ಯಯ್ಯೋ ಅಂತ ಅಳಸಾಕ ಹ್ವಾದೆ. ಅದು ಕೇಳ್ತು, ಎಲ್ಲರಿಗೂ ಅಳಿಸಲೇ, ನಿಮಗಷ್ಟೇ ಅಳಿಸಲೇ? ಗಾಬರ್ಯಾಗ ಒತ್ತಿದ್ದು ನನಗಷ್ಟೇ. ಈಗ ನನ್ನ ಮೊಬೈಲ್‌ನ್ಯಾಗ ಏನೂ ಇಲ್ಲ, ಸ್ವಚ್ಛ. ಅವರ ಮೊಬೈಲ್‌ನ್ಯಾಗ ಮಾತ್ರ ಸಾವಿನ ಸುದ್ದಿ ಕೆಳಗ ನನ್ನ ಅಭಿನಂದನೆ ಗಟ್ಟ್ಯಾಗಿ ಕುಂತದ. ಅದನ್ನ ಅಳಸಾಕ ಈಗ ನನ್ನ ಕೈಲೆ ಆಗಂಗಿಲ್ಲ. ಇಂಥಾ ಕಳ್ಳ ಯೋಚನಿ ಯಾರ ತಲ್ಯಾಗ ಹುಟ್ಟತದೋ, ಅವರ ಮನ್ಯಾಗೂ ಒಮ್ಮೆ ಹಿಂಗೇ ಆಗಲಿ.

ಅವ್ವಗ ಹೇಳಾಕ ಧೈರ್ಯ ಆಗಲಿಲ್ಲ. ತಂಗಿ ಮಾರಿ ನೋಡಾಕೂ ಆಗಲಿಲ್ಲ. ಅಂಗಡಿ ಬಾಗಲಾ ಹಾಕಿ ಸೀದಾ ಜೇವರ್ಗಿ ಬಸ್ ಹಿಡದೆ. ಸತ್ತವರ ಮನಿ ಮುಂದ ಮಂದಿ ಕುಂತಿದ್ರು. ನಾ ಹೋಗಿ ಸೋದರಮಾವನ ಕಾಲು ಹಿಡಿಯೋದೊಂದೇ ಬಾಕಿ.

"ತಪ್ಪಾಗ್ಯಾದ್ರೀ ಮಾವಾರೆ. ಬೆರಳು ತಪ್ಪಿತ್ರೀ. ಖರೇನೇ ಹಂಗ ಬರೀಬೇಕಂತ ಇರಲಿಲ್ರೀ."

ಅವರು ನನ್ನ ರಟ್ಟಿ ಹಿಡದು ಗ್ವಾಡಿ ಸಂದಿಗೆ ಕರಕೊಂಡು ಹ್ವಾದ್ರು. ಇವತ್ತು ಕಪಾಳಕ್ಕ ಬೀಳ್ತದ ಅಂತ ಕಣ್ಣು ಮುಚ್ಚಿದೆ. ಅವರು ಸಣ್ಣ ದನ್ಯಾಗ ಅಂದ್ರು, "ಸುಮ್ನ ಕುಂದರ್ರೀ. ದೊಡ್ಡಪ್ಪ ಯಾರಿಗೂ ಒಂದಿನ ನೆಟ್ಟಗ ಬಾಳೇ ಮಾಡಾಕ ಬಿಡಲಿಲ್ಲ. ಒಳಗ ಅಳಾಕತ್ತಾರಲ್ಲ, ಅವರ ಮನಸಿನ್ಯಾಗ ಇದ್ದದ್ದು ನೀವು ಬರದೀರಿ."

ಓಡೋ ಮನಿ

ಸೂತಕ ಮುಗದ ಮ್ಯಾಲ ಮತ್ತ ಹುಡುಗಿ ನೋಡೋ ದಿನ ಬಂತು. ಅಫಜಲಪುರದಿಂದ ಜೀಪಿನ್ಯಾಗ ಹುಡುಗ, ಆಯಿ, ಸೋದರಮಾವ, ಆಯಿಯ ಗಂಡ ಮುತ್ಯಾ, ಇಷ್ಟು ಮಂದಿ ಹೊಂಟ್ರು. ಮನಿ ಗೊತ್ತಾಗಲಿ ಅಂತ ಲೊಕೇಶನ್ ಕೇಳಿದ್ರು, ಕಳಿಸಿದೆ.

ಆಮ್ಯಾಲ ಅವ್ವ ನೆನಪು ಮಾಡಿದ್ಲು, ಸೋದರತ್ತಿನ್ನ ಭೂಸನೂರದಿಂದ ಕರಕೊಂಡು ಬರಬೇಕಲ್ಲ ಅಂತ. ಮೋಟಾರ್ ಸೈಕಲ್ ತಗೊಂಡು ಹೊಂಟೆ. ಕಬ್ಬಿನ ಹಂಗಾಮು. ಫ್ಯಾಕ್ಟರಿಗೆ ಹೋಗೋ ಟ್ರ್ಯಾಕ್ಟರ್ ಸಾಲು ಹಚ್ಚಿ ನಿಂತಾವ, ಹಾದ್ಯಾಗ ಒಂದು ನಾಯಿ ದಾಟಾಕ ಜಾಗಾ ಇಲ್ಲ. ಹ್ಯಾಂಗೋ ಸಂದ್ಯಾಗ ತೂರಿಸಿಕೊಂಡು ಹೋಗಿ, ಅತ್ತಿನ್ನ ಹಿಂದ ಕುಂದರಿಸಿಕೊಂಡು ವಾಪಸ್ ಹೊಂಡಬೇಕು, ಸೋದರಮಾವನ ಫೋನ್ ಬಂತು.

"ಎಲ್ಲಿ ಬಂದೀರಿ ಮಾವಾರೆ?"

"ನಿಮ್ಮ ಮನಿ ಹಿಂದ ಹತ್ತೇವ್ರಿ!"

"ನಮ್ಮ ಮನಿ ಹಿಂದ ಹಾದಿನೇ ಇಲ್ಲಲ್ರೀ."

"ಹಾದಿ ಅಲ್ರೀ, ನಿಮ್ಮ ಮನಿ! ಹೊಂಟದಲ್ರೀ ಅದು! ಆಳಂದ ಬಿಟ್ಟು ಭೂಸನೂರಕ್ಕ ಬಂತು. ನಾವೂ ಬಂದೇವಿ. ಈಗ ಕಬ್ಬಿನ ಟ್ರ್ಯಾಕ್ಟರ್ ನಡುವ ಸಿಕ್ಕೇವಿ. ಮನಿ ಮತ್ತ ತಿರುಗಿ ಈ ಕಡಿನೇ ಬರಾಕತ್ತದ!"

ಆವಾಗ ತಿಳೀತು. ನಾ ಕಳಿಸಿದ್ದು ಮನೀದಲ್ಲ, ನಂದು. ಮನಿ ಎಲ್ಲಿ ಅದ ಅಂತ ತೋರಿಸೋ ಬದಲಿ ಮೊಬೈಲ್ ನಾ ಎಲ್ಲಿ ಹೋಗ್ತೇನಿ ಅಂತ ಹೆಜ್ಜಿ ಹೆಜ್ಜಿಗೂ ತೋರಸಾಕತ್ತಿತ್ತು. ಫ್ಯಾಕ್ಟರಿ ಮುಂದಿನ ಹಾದ್ಯಾಗ ಜೀಪು ಸಿಕ್ತು. ಮುತ್ಯಾ ಯಾರೋ ಕೊಟ್ಟ ಕಬ್ಬು ತಿನಕೋತ ಆರಾಮ ಕುಂತಿದ್ರು. ಹುಡುಗ ನಗು ತಡಕೊಳ್ಳಾಕ ಆ ಕಡಿ ಮಾರಿ ಮಾಡಿದ್ದ. ಆಯಿ ಮಾತ್ರ ನನ್ನ ಮ್ಯಾಲಿಂದ ಕೆಳಗ ನೋಡಿದ್ರು.

"ತಮ್ಮಾ, ನಿಮ್ಮ ಮನಿನೇ ನಿಂತಲ್ಲಿ ನಿಲ್ಲಂಗಿಲ್ಲ. ನಿಮ್ಮ ಹುಡುಗಿ ನಮ್ಮ ಮನ್ಯಾಗ ನಿಲ್ತಾಳಂತ ಏನ್ ಗ್ಯಾರಂಟಿ?"

ಹೆಸರು ಹೇಳವಾ

ತಂಗಿನ್ನ ನೋಡಿದ ಮ್ಯಾಲ ಆಯಿ ಒಂದು ಮಾತು ಅಂದು ಹೋಗಿದ್ರು. "ಹುಡುಗಿ ಬಂಗಾರದಂಗ ಅದಾಳ. ಅಣ್ಣಂದೇ ವಿಚಾರ ಮಾಡಬೇಕು." ಅದನ್ನ ಕೇಳಿ ನಾ ಎರಡು ದಿನ ನೆಟ್ಟಗ ಉಣ್ಣಲಿಲ್ಲ. ತಂಗಿ ಬೈದಿದ್ರ ಚಲೋ ಇತ್ತು. ಆಕಿ ಬೈಲಿಲ್ಲ, ತಾಟು ತಂದು ಮುಂದಿಟ್ಟು ಸುಮ್ಮ ಹ್ವಾದ್ಲು. ಅದು ಇನ್ನೂ ಚುಚ್ಚಿತು.

ಕಡೀಕ ನಿಶ್ಚಯಕ್ಕ ಬರ್ತೇವಿ ಅಂದ್ರು. ಆದ್ರ ಆಯಿ ಒಂದು ಶರ್ತ ಹಾಕಿದ್ರು, ಹುಡುಗಿ ಒಡಪು ಹೇಳಬೇಕು, ಆಮ್ಯಾಲೇ ನಾ ಸಕ್ಕರಿ ತಿನಿಸಿ ನಿಶ್ಚಯ ಮಾಡಾಕಿ ಅಂತ. ನಮ್ಮ ಕಡಿ ಹೆಣ್ಣಮಕ್ಕಳು ಗಂಡನ ಹೆಸರು ಹಂಗೇ ಬಾಯಿಲೆ ಅನ್ನಂಗಿಲ್ಲ. ಎರಡು ಸಾಲು ಪದಾ ಕಟ್ಟಿ, ಅದರಾಗ ಹೆಸರು ಸೇರಿಸಿ ಹೇಳ್ತಾರ. ಅದಕ್ಕ ಒಡಪು ಅಂತಾರ. ಅವ್ವಗ ಬರೋ ಒಡಪು ಎಲ್ಲಾ ಊರಿಗೆ ಗೊತ್ತಿದ್ದವೇ. ತಂಗಿಗೆ ಹೊಸದು ಬೇಕಿತ್ತು.

ನಾ ಮಾಡಿದ ಪಾಪಾ ಎಲ್ಲಾ ಈಗ ತೊಳಕೊಳ್ತೇನಿ ಅಂತ ಎಐಗೆ ಕೇಳಿದೆ. ಮೊದಲ ಸಲ ಅದು "ಭಾರತೀಯ ಸಮಾಜದಲ್ಲಿ ಪತಿಯ ಪಾತ್ರ" ಅಂತ ಒಂದು ಪ್ರಬಂಧ ಬರೀತು. ಬೈದು ತಿಳಿಸಿ ಹೇಳಿದ ಮ್ಯಾಲ ಖರೇನೇ ಚಲೋ ಎರಡು ಸಾಲು ಕೊಡ್ತು. ತಂಗಿಗೂ ಮನಸಿಗೆ ಬಂತು. ಬಾಯಿಪಾಠ ಮಾಡಾಕ ಕುಂತ್ಲು.

ನಿಶ್ಚಯದ ದಿನ ಅಂಗಳ ತುಂಬ ಮಂದಿ. ಉಂಗುರ ತಯಾರ್, ಸಕ್ಕರಿ ಬಟ್ಟಲು ಆಯಿ ಮಡಿಲಾಗ. "ಹೆಸರು ಹೇಳವಾ" ಅಂದ್ರು ಆಯಿ. ತಂಗಿ ಎದ್ದು ನಿಂತ್ಲು. ಸೆರಗು ಸರಿ ಮಾಡಿಕೊಂಡ್ಲು. ಬಾಯಿ ತೆರದ್ಲು. ಬರಲಿಲ್ಲ. ಪೂರಾ ಮರೆತಿದ್ಲು! ಸಾಲ್ಯಾಗ ದಿನಾ ಹುಡುಗರಿಗೆ ಪದ್ಯ ಒದರಿಸಾಕಿ, ಇಲ್ಲಿ ನನ್ನ ಕಡಿ ನೋಡಿದ್ಲು. ಮೊಬೈಲ್ ತೆಗದು ಆಕಿ ಹಿಂದ ಹೋಗಿ ನಿಂತೆ. ನಾ ಸಣ್ಣಕ ಓದೋದು, ಆಕಿ ಕಣ್ಣು ಕೆಳಗ ಹಾಕಿ ಜೋರಾಗಿ ಅನ್ನೋದು.

"ತೊಗರಿ ಹೂವಿನ ಹೊಲದ ಮೇಲೆ ಬಂಗಾರದ ಬಿಸಿಲು,
ಶಿವರಾಜರ ಹೆಸರಿಗೆ ನನ್ನ ಬಾಳೆಲ್ಲ ಮೀಸಲು."

"ವ್ಹಾ ವ್ಹಾ!" ಅಂತ ಮಂದಿ ಚಪ್ಪಾಳಿ ತಟ್ಟಿದ್ರು. ಹುಡುಗ ಕೆಂಪಗಾದ. ಆಯಿ ಮಾರಿ ಮ್ಯಾಲ ನಾ ಮೊದಲ ಸಲ ನಗು ನೋಡಿದೆ. ಕೈ ಸಕ್ಕರಿ ಬಟ್ಟಲಿಗೆ ಹ್ವಾತು. ನನಗ ಖುಷಿ ತಡಿಯಲಿಲ್ಲ, ಕಣ್ಣಾಗ ನೀರು ಬಂದ್ವು, ಆ ಹುಮ್ಮಸ್ಸಿನ್ಯಾಗ ಕೆಳಗ ಇದ್ದ ಇನ್ನೊಂದು ಸಾಲೂ ಓದಿಬಿಟ್ಟೆ. ಅದು ಒಡಪಲ್ಲ. ಕೆಲಸ ಮುಗದ ಮ್ಯಾಲ ಈ ಎಐ ಸುಮ್ಮ ಇರಂಗಿಲ್ಲ, ಇನ್ನೇನು ಬೇಕು ಅಂತ ಕೇಳತದ. ತಂಗಿ ಪಾಪ, ನಾ ಅಂದದ್ದೆಲ್ಲ ಒಡಪೇ ಅಂತ ತಿಳಕೊಂಡು ಅಂಗಳಕ್ಕೆಲ್ಲ ಕೇಳೋಹಂಗ ಅಂದ್ಲು:

"ಈ ಹೆಸರು ಹೊಂದದಿದ್ದರೆ ಬೇರೆ ಗಂಡನ ಹೆಸರು ತಿಳಿಸಿ, ಕೂಡಲೇ ಬದಲಾಯಿಸಿ ಕೊಡುತ್ತೇನೆ."

ಚಪ್ಪಾಳಿ ನಿಂತ್ವು. ಆಯಿ ಕೈ ಬಟ್ಟಲಾಗೇ ಉಳೀತು. ಅವ್ವ ಸೆರಗಿಲೆ ಮಾರಿ ಮುಚ್ಚಿಕೊಂಡ್ಲು. ತಾ ಏನಂದೆ ಅಂತ ತಂಗಿಗೆ ಆವಾಗ ಹೊಳೀತು. ತಿರುಗಿ ನನ್ನ ನೋಡಿದ್ಲು, ಕಣ್ಣು ತುಂಬಿ ಬಂದಿದ್ವು. ಭೂಮಿ ಬಾಯಿ ಬಿಟ್ಟಿದ್ರ ನಾ ಅಲ್ಲೇ ಒಳಗ ಹೋಗ್ತಿದ್ದೆ. ಅದು ಬಿಡಲಿಲ್ಲ.

ಹೋಗಿ ಆಯಿ ಮುಂದ ಕುಂತೆ. "ಆಯಿ, ತಂಗೀದು ಏನೂ ತಪ್ಪಿಲ್ರೀ. ಒಡಪು ನಾ ಮೊಬೈಲ್ ಕಡಿಂದ ಬರಸೇನಿ, ಓದಿದ್ದೂ ನಾನೇ. ಫೋಟೋ ಕೆಡಿಸಿದ್ದೂ ನಾನೇ, ಹಾದಿ ತಪ್ಪಿಸಿದ್ದೂ ನಾನೇ. ಸಂಬಂಧ ಮುರಿಯೋದಿದ್ರ ನನ್ನ ಸಂಗಟ ಮುರೀರಿ. ಬೇಕಾದ್ರ ನಾ ನಿಮ್ಮ ಊರಿಗೇ ಬರಂಗಿಲ್ಲ. ಆಕೀನ್ನ ಬಿಡಬ್ಯಾಡ್ರಿ."

ಆಯಿ ನನ್ನ ಕೈಯಾಗಿನ ಮೊಬೈಲ್ ಕಸಗೊಂಡು ಮೊಮ್ಮಗನ ಕೈಗೆ ಕೊಟ್ರು. "ಆ ಕಡೀ ಸಾಲು ಇನ್ನೊಮ್ಮೆ ಓದೋ." ಅಂವ ಓದಿದ.

"ಅಂದ್ರ ಬ್ಯಾರೆ ಗಂಡನ ಹೆಸರು ಹೇಳಿದ್ರ ಇದು ಬದ್ಲಿ ಮಾಡಿ ಕೊಡ್ತದ?"

"ಹೂಂ ಆಯಿ," ಅಂದ ಹುಡುಗ, "ಕೂಡಲೇ ಕೊಡ್ತದಂತ."

ಆಯಿ ಬಾಜೂಕ ಕುಂತು ಬಶ್ಯಾಗ ಚಹಾ ಕುಡಿಯಾಕತ್ತಿದ್ದ ಮುತ್ಯಾನ ಕಡಿ ಹೊಳ್ಳಿದ್ರು. ರುಮಾಲಿನಿಂದ ಕಾಲಿನತನಕ ಒಮ್ಮೆ ಸಾವಕಾಶ ನೋಡಿದ್ರು.

"ನನ್ನ ಲಗ್ನ ಆಗೋ ಮುಂದ ಈ ಮೊಬೈಲ್ ಎಲ್ಲಿ ಸತ್ತಿತ್ತೋ!"

ಅಂಗಳಕ್ಕ ಅಂಗಳಾನೇ ನಕ್ಕು ಹೊರಳ್ಯಾಡ್ತು. ಆಯಿನೂ ನಕ್ಕೋತ ಸಕ್ಕರಿ ತೆಗದು ತಂಗಿ ಬಾಯಾಗ ಹಾಕಿದ್ರು, ಅಳಬ್ಯಾಡ ಬಾ ಬೇ ಅಂತ ಎದಿಗೆ ಅಪ್ಪಿಕೊಂಡ್ರು. ಉಂಗುರ ಬದಲಿ ಆದ್ವು.

ಆ ಗದ್ದಲದಾಗ ಮುತ್ಯಾ ನನಗ ಸನ್ನಿ ಮಾಡಿ ಹತ್ತರ ಕರದ್ರು. ಎರಡು ಸಲ ಭೆಟ್ಟಿ ಆಗಿದ್ರೂ ಅವರು ನನ್ನ ಸಂಗಟ ಒಂದು ಮಾತು ಆಡಿದವರಲ್ಲ. ಬಶಿ ಕೆಳಗ ಇಟ್ರು, ಆಯಿ ಆ ಕಡಿ ನೋಡಾಕತ್ತಾರೋ ಇಲ್ಲೋ ಖಾತ್ರಿ ಮಾಡಿಕೊಂಡ್ರು, ಆಮ್ಯಾಲ ನನ್ನ ಕಿವಿಗೆ ಬಾಯಿ ಹಚ್ಚಿ ಕೇಳಿದ್ರು:

"ತಮ್ಮಾ, ಅದರಾಗ ಹೆಂಡ್ತಿ ಹೆಸರೂ ಬದ್ಲಿ ಆಗ್ತದೇನಪಾ?"