ಪರದೆಯ ಮೇಲೆ ಬಿದ್ದ ಅರಿಶಿನ

ಕಪ್ಪು-ಬಿಳುಪು ಸಿನಿಮಾ ಎಂದರೆ ನನಗೆ ಇಂದಿಗೂ ಬಹಳ ಗೌರವ. ಅದು ದೊಡ್ಡ ಮನಸ್ಸಿನದು. ಎಲ್ಲರ ಕೊಳೆಯನ್ನೂ ಒಂದಿಷ್ಟು ಬೂದುಬಣ್ಣದಲ್ಲಿ ಮುಚ್ಚಿಕೊಂಡು ಹೋಗುತ್ತದೆ. ಈ ಬಣ್ಣ ಎನ್ನುವುದಿದೆಯಲ್ಲ, ಅದು ಚಾಡಿಕೋರ. ಅರುವತ್ತರ ದಶಕದ ನಡುವಿನಲ್ಲಿ ತಮಿಳು ಸೀಮೆಯ ನಮ್ಮ ಕೊಂಬೈಗೆ ಮೊದಲ ಕಲರ್ ಚಿತ್ರ ಬಂದಾಗ ಊರಿಗೆ ಊರೇ ಹಿಗ್ಗಿತು. ಬೆವರಿದವನು ನಾನೊಬ್ಬನೇ.

ಕಾರಣ ಹೇಳಬೇಕಾದರೆ ಮಚ್ಚಾನ್‌ರಿಂದ ಶುರುಮಾಡಬೇಕು. ಮಚ್ಚಾನ್ ಎಂದರೆ ನನ್ನ ಹೆಂಡತಿ ರಂಗಮ್ಮನ ಅಣ್ಣ; ತಂಗಿಯ ಗಂಡನಾದ ನಾನು ಅವರಿಗೆ ‘ಮಾಪ್ಳೆ’. ಊರಾಚೆಯ ಬಯಲಿನಲ್ಲಿ ಡೇರೆ ಹಾಕಿದ್ದ ಟೂರಿಂಗ್ ಟಾಕೀಸಿನ ಯಜಮಾನರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು ಎಂದು ಬದುಕುವ ನಮ್ಮ ಬೇಸಾಯದ ಮನೆತನಗಳಲ್ಲಿ ಅಷ್ಟು ಓದಿದವರು ಕಡಿಮೆ. ಹಾಗಾಗಿ ಮಚ್ಚಾನ್‌ಗೆ ನಾನು ಹೇಳಿದ್ದೇ ವಿಜ್ಞಾನ. ನಾನೂ ಅವರನ್ನು ನಿರಾಶೆಗೊಳಿಸಿದವನಲ್ಲ, ಕೇಳದಿದ್ದರೂ ಹೇಳುತ್ತಿದ್ದೆ.

ಆ ಡೇರೆಯ ಪರದೆ ಎರಡು ಬಟ್ಟೆ ಸೇರಿಸಿ ಹೊಲಿದದ್ದು. ನಡುವೆ ಅಡ್ಡಲಾಗಿ ಒಂದು ಹೊಲಿಗೆಯ ಗೆರೆ. ಎಂಥ ವೀರನಾದರೂ ಕುತ್ತಿಗೆಗೆ ದಾರ ಕಟ್ಟಿಕೊಂಡೇ ಯುದ್ಧ ಮಾಡುತ್ತಿದ್ದ. ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಬೆಟ್ಟದ ಕಡೆಯಿಂದ ಗಾಳಿ ನುಗ್ಗಿತೆಂದರೆ ಪರದೆ ಉಬ್ಬಿ, ಮದುವೆಯಾಗದ ನಾಯಕಿಯರೆಲ್ಲ ಬಸುರಿಯರಾಗುತ್ತಿದ್ದರು. ಗಾಳಿ ಇಳಿದರೆ ಮತ್ತೆ ಮೊದಲಿನಂತೆ. ಜನ ಇದನ್ನೆಲ್ಲ ಕಥೆಯಲ್ಲೇ ಸೇರಿಸಿಕೊಂಡು ನೋಡುತ್ತಿದ್ದರು.

ಆ ವರ್ಷ ವೈಕಾಶಿಯಲ್ಲಿ, ಅಂದರೆ ವೈಶಾಖದ ಹೊತ್ತಿಗೆ, ನನ್ನ ತಮ್ಮನ ಮದುವೆ. ಲೈಸೆನ್ಸು ಮುಗಿದು ಡೇರೆ ಮುಚ್ಚಿದ್ದ ದಿನಗಳವು. ಹಸೆಯ ಹಿಂದೆ ಕಟ್ಟಲು ದೊಡ್ಡದೊಂದು ಬಿಳಿ ಬಟ್ಟೆ ಬೇಕಾಗಿತ್ತು. ಪರದೆಯನ್ನೇ ಕೇಳಿದೆ.

“ಮಾಪ್ಳೆ, ಪೆತ್ತ ಕೂಸನ್ನ ಕೊಟ್ಟಂಗೆ ಕೊಡ್ತಾ ಇವ್ನಿ. ಒಂದ್ ಕರೆ, ಒಂದ್ ಕಲೆ ಆಗ್ಬಾರ್ದು,” ಎಂದರು ಮಚ್ಚಾನ್.

ಮದುವೆಯ ಮಾರನೆಯ ದಿನ ಮಂಜನೀರಾಟ. ಮಂಜ ಎಂದರೆ ಅರಿಶಿನ. ಭಾವ-ನಾದಿನಿಯರು, ಅತ್ತೆಯ ಮಕ್ಕಳು, ಮಾವನ ಮಕ್ಕಳು ಒಬ್ಬರ ಮೇಲೊಬ್ಬರು ಅರಿಶಿನದ ನೀರು ಎರಚುವ ಸಂಭ್ರಮ. ರಂಗಮ್ಮನ ತಂಗಿ ಚೆಂಬು ಎತ್ತಿ ನನಗೆ ಗುರಿಯಿಟ್ಟಳು. ಗಂಡಸಿನ ಹಾಗೆ ನಿಂತಿದ್ದರೆ ಹೋಗುತ್ತಿದ್ದುದು ಒಂದು ಶರ್ಟು. ನಾನು ಬಗ್ಗಿದೆ. ನನ್ನ ಹಿಂದಿದ್ದ ಪರದೆ ಬಗ್ಗಲಿಲ್ಲ.

ಬಲಗಡೆ ಮೊರದಗಲದ ಕಲೆ. ಬಾಯಿ ಬಿಡದೆ ಮಡಿಸಿ ವಾಪಸು ಕೊಟ್ಟೆ. ಕಪ್ಪು-ಬಿಳುಪಿನ ಚಿತ್ರಗಳಲ್ಲಿ ಅದು ಹಳೆಯ ಬಟ್ಟೆಯ ಮಾಸಲೆಂದು ಸಾಗಿಹೋಯಿತು. ಕೆಲವು ತಿಂಗಳ ಮೇಲೆ ಕಲರ್ ಚಿತ್ರದ ಪೋಸ್ಟರು ಬಿತ್ತು. ಇನ್ನು ಪರದೆಯ ಬಲಗಡೆ ಬಂದು ನಿಂತವರಿಗೆಲ್ಲ ಕಾಮಾಲೆ ಗ್ಯಾರಂಟಿ. ಆಟದ ದಿನ ಮಧ್ಯಾಹ್ನ, ಆಪರೇಟರ್ ಮುತ್ತಯ್ಯ ಊಟಕ್ಕೆ ಹೋದದ್ದನ್ನು ನೋಡಿಕೊಂಡು, ಡಬ್ಬದಲ್ಲಿ ಸುಣ್ಣ ಕಲಸಿಕೊಂಡು ಹೋಗಿ ಕಲೆಯ ಮೇಲೆ ದಟ್ಟವಾಗಿ ಬಳಿದುಬಿಟ್ಟೆ.

ನೀವು ಆಗಲೇ ನಕ್ಕಿರುತ್ತೀರಿ. ಅರಿಶಿನಕ್ಕೆ ಸುಣ್ಣ ಸೋಕಿದರೆ ಕೆಂಪಾಗುತ್ತದೆಂದು ಆರತಿ ನೀರು ಕಲಸುವ ಯಾವ ಹೆಣ್ಣುಮಗಳಿಗಾದರೂ ಗೊತ್ತು. ಅದನ್ನೇ ಕ್ಷಾರದ ಗುಣವೆಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು, ಮರೆತ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವನು ನಾನು. ಪಾಠವೆಲ್ಲ ಸ್ಕೂಲಿನಲ್ಲೇ ಉಳಿದಿತ್ತು. ಕಣ್ಣೆದುರಿಗೇ ಕಲೆ ಕುಂಕುಮದ ಬಣ್ಣಕ್ಕೆ ತಿರುಗಿತು. ಡಬ್ಬ ಹಿಡಿದು ಓಡಿದೆ.

ಸಂಜೆಯ ಆಟದಲ್ಲಿ ನಾಯಕಿ ಬಲಗಡೆಗೆ ಬಂದಳು. ಕೆನ್ನೆ ಕೆಂಪೇರಿತು. “ಅಯ್ಯೋ, ಕೂಸಿಗೆ ನಾಣ ಬಂದ್ಬುಡ್ತು, ನೋಡು!” ಎಂದು ಹೆಂಗಸರ ಕಡೆಯಿಂದ ಒಬ್ಬ ಅಜ್ಜಿ ಮೆಚ್ಚಿದಳು. ನನಗೂ ಹೋದ ಜೀವ ಬಂತು. ಆದರೆ ಆಮೇಲೆ ನಾಯಕಿಯ ಅಪ್ಪ ಬಂದ, ಅವನಿಗೂ ನಾಚಿಕೆ. ಒಂದು ಬಿಳಿ ಹಸು ಬಂತು, ಅದಕ್ಕೂ ನಾಚಿಕೆ. ಕೊನೆಗೆ ಹಾಸಿಗೆ ಹಿಡಿದ ತಾಯಿ ಪ್ರಾಣ ಬಿಡುವಾಗಲೂ ಕೆನ್ನೆ ಕೆಂಪಾದಾಗ ಡೇರೆಯಲ್ಲಿ ಅಳಬೇಕಾದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಚ್ಚಾನ್ ನಗಲಿಲ್ಲ. ಜನ ಹೋದ ಮೇಲೆ ಪೆಟ್ರೋಮ್ಯಾಕ್ಸ್ ತಂದು ಪರದೆಗೆ ಹಿಡಿದರು. ಮುತ್ತಯ್ಯನ ದವಡೆಯಲ್ಲಿ ಯಾವಾಗಲೂ ವೆತ್ತಲೆ, ಅಂದರೆ ಸುಣ್ಣ ಹಚ್ಚಿದ ವೀಳ್ಯದೆಲೆ, ಇರುತ್ತದೆಂಬುದು ಊರಿಗೇ ಗೊತ್ತಿದ್ದ ವಿಷಯ.

“ಮಾಪ್ಳೆ, ನೀನು ಪಡಿಚ್ಚವನು, ನಾಲ್ಕಕ್ಷರ ಬಲ್ಲವನು. ಇದು ವೆತ್ತಲೆ ಉಗುಳು ತಾನೆ?”

ನಾನು ಹತ್ತಿರ ಹೋಗಿ ಮೂಸಿ ನೋಡಿದೆ. “ಸುಣ್ಣ ಇರೋದಂತೂ ನಿಜ ಮಚ್ಚಾನ್,” ಎಂದೆ. ವಿಜ್ಞಾನದ ದೃಷ್ಟಿಯಿಂದ ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದಕ್ಕಿಂತ ನೀಚವಾದ ಮಾತನ್ನು ನಾನು ಜನ್ಮದಲ್ಲಿ ಆಡಿಲ್ಲ.

“ಯಜಮಾನ್ರೇ, ತಿರೈ ನಂಗೆ ಸಾಮಿ ಇದ್ದಂಗೆ. ಅದರ ಮೇಲೆ ಉಗುಳ್ತೀನಾ?” ಎಂದ ಮುತ್ತಯ್ಯ. ಪರದೆಯ ಅಂಚನ್ನು ಕಣ್ಣಿಗೊತ್ತಿಕೊಂಡ.

“ನಾಳೆಯಿಂದ ಬರ್ಬೇಡ,” ಎಂದರು ಮಚ್ಚಾನ್.

ಬೆಳಗಾಗುತ್ತಲೇ ಅವರ ಮನೆಗೆ ಹೋದೆ. ಜೊತೆಗೆ ರಂಗಮ್ಮನೂ ಬಂದಳು. ಚೆಂಬಿನಿಂದ ಡಬ್ಬದವರೆಗೆ ಒಂದೂ ಬಿಡದೆ ಒಪ್ಪಿಕೊಂಡೆ. ಮಚ್ಚಾನ್ ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಕೈ ಹಿಡಿದರು.

“ಎಂಥ ಮನಸು ಮಾಪ್ಳೆ ನಿಂದು! ಪಾಪ ಅಂತ ಅವನ ಮೇಲೆ ಇರಕ್ಕಪಟ್ಟು ತಪ್ಪಿನ ಪಳಿಯನ್ನ ನಿನ್ ತಲೆ ಮೇಲೆ ಹಾಕ್ಕೊಳ್ತಾ ಇದೀಯ. ಆದ್ರೆ ಹೇಳೋ ಸುಳ್ಳು ನಂಬಂಗಿರ್ಬೇಕು. ಮಂಜಕ್ಕೆ ಸುಣ್ಣ ಬಳಿಯೋ ಮಡೆಯ ಊರಲ್ಲಿ ಇದಾನಾ? ಅದೂ ಸೈನ್ಸ್ ವಾದ್ಯಾರು!”

ನಾನೇ ಆ ಮಡೆಯ ಎಂದೆ. ಅವರು ಇಲ್ಲವೆಂದು ತಲೆಯಾಡಿಸಿದರು. ಸುಣ್ಣ ಅಂಟಿದ್ದ ಉಗುರು ತೋರಿಸಿದೆ. ಅದು ಸ್ಕೂಲಿನ ಸೀಮೆಸುಣ್ಣ ಎಂದರು. ನಾನು ದಡ್ಡನೆಂದು ಇನ್ನೊಬ್ಬರನ್ನು ಒಪ್ಪಿಸಲು ಅರ್ಧ ಗಂಟೆ ವಾದ ಮಾಡಿ ಸೋತೆ. ಮುತ್ತಯ್ಯನ ಕೆಲಸ ಹೋಗಿಯೇ ಬಿಟ್ಟಿತೆಂದು ನನಗೆ ಅಳುವೇ ಬಂತು.

ಆಗ ರಂಗಮ್ಮ ಬಾಯಿ ಬಿಟ್ಟಳು. “ಅಣ್ಣ, ಇವ್ರೇ ಮಾಡಿರೋದು. ಇವ್ರು ಇಂಥದ್ದು ಮಾಡೋವ್ರೇ.”

“ಅಂಗಾ? ನೀನ್ ಹೇಳಿದ್ರೆ ಸರಿ,” ಎಂದು ಮಚ್ಚಾನ್ ತಕ್ಷಣ ನನ್ನ ಕೈ ಬಿಟ್ಟು, ಮುತ್ತಯ್ಯನನ್ನು ಕರೆತರಲು ತಾವೇ ಸೈಕಲ್ ಹತ್ತಿದರು.

ಅವನು ಆ ಸಂಜೆಯೇ ಕೆಲಸಕ್ಕೆ ಬಂದ. ನನಗೆ ನಿಜವಾಗಿಯೂ ಸಂತೋಷವಾಯಿತು. ಆದರೂ ರಂಗಮ್ಮನ ಆ ಒಂದು ಮಾತಿಗೆ ಮಚ್ಚಾನ್ ಮರುಪ್ರಶ್ನೆಯನ್ನಾದರೂ ಕೇಳಬಹುದಿತ್ತು.