ಪ್ಲಮ್ ಬೀಜದ ಎಣ್ಣೆ, ದೋಣಿಮಲೈ ಧೂಳು

ನನ್ನ ಮುಖದ ವಿಷಯದಲ್ಲಿ ನಾನು ಕೈಗೊಂಡ ನಿರ್ಧಾರಕ್ಕೆ ಇವತ್ತಿಗೂ ಬದ್ಧಳಾಗಿದ್ದೇನೆ. ಯಾರು ಎಷ್ಟೇ ನಗಲಿ!

ನಾವಿರುವುದು ದೋಣಿಮಲೈ ಕಬ್ಬಿಣದ ಗಣಿಯ ಕ್ವಾರ್ಟರ್ಸ್‌ನಲ್ಲಿ. ನನ್ನ ಗಂಡನ ಅತ್ತಿಗೆ, ಅಂದರೆ ನನ್ನ ನೆಗೆಣ್ಣಿ ಶಾರದಕ್ಕ ಇರುವುದು ಹೊಸಪೇಟೆಯಲ್ಲಿ. ಕಂಡಾಗಲೆಲ್ಲ ನನ್ನ ಗಲ್ಲ ಹಿಡಿದು, "ಗಣಿ ಧೂಳಾಗ ಎಷ್ಟ್ ಕರ್ರಗಾಗೀಯಲ್ಲೇ ಸುಮಾ!" ಎನ್ನುತ್ತಾಳೆ. ಅವಳ ಮಗಳ ಮದುವೆ ನಿಶ್ಚಯಕ್ಕೆ ದಿನ ಗೊತ್ತಾಯಿತು. ಇಡೀ ಬಳಗದ ಮುಂದೆ ಆ ಮಾತು ಮತ್ತೆ ಕೇಳಿಸಿಕೊಳ್ಳಬಾರದೆಂದು ಶಪಥ ಮಾಡಿ, ಮೊಬೈಲಿನಲ್ಲಿ ಪ್ಲಮ್ ಬೀಜದ ಎಣ್ಣೆ ತರಿಸಿದೆ. ಪ್ಲಮ್ ಹಣ್ಣಿನ ಬೀಜ ಒಡೆದು, ಒಳಗಿನ ತಿರುಳು ಹಿಂಡಿ ತೆಗೆದದ್ದು. ಮೂಗಿಗೆ ಹಿಡಿದರೆ ಬಾದಾಮಿ ಹಲ್ವದ ವಾಸನೆ!

ಗಂಡ ಸೀಸೆ ತಿರುಗಿಸಿ ನೋಡಿದರು. "ಮನ್ಯಾಗ ಕುಸುಬಿ ಎಣ್ಣಿ ಐತಲ್ಲ?"

"ಅದು ಒಗ್ಗರಣಿಗ್ರಿ. ಇದು ಮುಖಕ್ಕ."

"ರಾತ್ರಿ ಎರಡು ಹನಿ ಹಚ್ಚಿ ಮಲಕೋಬೇಕಂತ ಬರ್ದಾರಲ್ಲ."

"ಎರಡು ಹನ್ಯಾಗ ಶಾರದಕ್ಕನ ಬಾಯಿ ಮುಚ್ಚತೈತೇನ್ರಿ?"

ನಿಶ್ಚಯದ ದಿನ ಬೆಳಿಗ್ಗೆ ಅಂಗೈ ತುಂಬ ಸುರಿದುಕೊಂಡು ಹಣೆ, ಗಲ್ಲ, ಕುತ್ತಿಗೆ, ಯಾವುದಕ್ಕೂ ಅನ್ಯಾಯವಾಗದಂತೆ ಬಳಿದುಕೊಂಡೆ. ಮುಖ ಫಳಫಳ! ಮಲ್ಲಿಗೆ ದಂಡೆ ನಲುಗುತ್ತದೆಂದು ಹೆಲ್ಮೆಟ್ಟನ್ನೂ ತಿರಸ್ಕರಿಸಿ ಬೈಕ್ ಹತ್ತಿದೆ.

ಸಂಡೂರು ದಾಟುವವರೆಗೂ ನಮ್ಮ ಮುಂದೆ ಅದಿರಿನ ಲಾರಿಗಳ ಸಾಲು. ಒಣ ಮುಖವಾಗಿದ್ದರೆ ಧೂಳು ಬಂದು, ಬಡಿದು, ಹೋಗುತ್ತಿತ್ತು. ಎಣ್ಣೆ ಕಂಡ ಧೂಳು ಹೋಗುತ್ತದೆಯೇ? ಕೂತೇಬಿಟ್ಟಿತು! ಸೆರಗಿನಿಂದ ಒರೆಸಿದೆ, ಸೆರಗೂ ಕೆಂಪಾಯಿತು. ದಾರಿಯಲ್ಲಿ ನಿಲ್ಲಿಸಿ ನೀರು ಹಾಕಿ ಉಜ್ಜಿದೆ. ಎಣ್ಣೆ ಜಗ್ಗಲಿಲ್ಲ, ಧೂಳು ಮಾತ್ರ ಕಲಸಿದ ಕುಂಕುಮದ ಹಾಗೆ ಮುಖದ ತುಂಬ ಹರಡಿತು. ಅಷ್ಟರಲ್ಲಿ ದಂಡೆ ಗಾಳಿಗೆ ಹಾರಿಹೋಗಿ, ಕೂದಲೂ ಬಿಚ್ಚಿತ್ತು.

"ಮನೀಗೆ ತಿರುಗೋಣೇನು?" ಗಂಡ ಮೆಲ್ಲಗೆ ಕೇಳಿದರು.

"ಪ್ರಾಣ ಹೋದ್ರೂ ಇಲ್ಲ! ನಡೀರಿ!"

ಶಾರದಕ್ಕನ ಮನೆ ಹೊಕ್ಕೆ. ಎಮ್ಮಿಗನೂರಿನಿಂದ ಬಂದಿದ್ದ ಗಂಡಿನ ಅಜ್ಜಿ ನನ್ನನ್ನು ಕಂಡವರೇ ಎದ್ದು ಕೈ ಮುಗಿದರು. ಕೆಂಪು ಮುಖ, ಬಿಚ್ಚಿದ ಕೂದಲು, ಧೂಳಿಗೆ ಉರಿಯುವ ಕಣ್ಣು. ನನ್ನ ಮೈಮೇಲೆ ದೇವಿ ಬಂದಿದ್ದಾಳೆಂದೇ ಅವರ ತೀರ್ಮಾನ!

"ತಾಯೀ, ಈ ಸಂಬಂಧ ಚಲೋ ಬಾಳತೈತೇನವ್ವಾ?"

ನಿಜ ಹೇಳೋಣವೆಂದು ಬಾಯಿ ತೆರೆದೆ. ಅಜ್ಜಿಯ ಹಿಂದೆ, ಸೆರಗು ಬಾಯಿಗಿಟ್ಟು ನಗುತ್ತಿದ್ದ ಶಾರದಕ್ಕ ಕಂಡಳು. ನನಗೆ ಮೈಯೆಲ್ಲ ಉರಿಯಿತು.

"ಬಾಳತೈತಿ! ಆದ್ರ ಈ ಮನ್ಯಾಗ ಯಾರೂ ಯಾರ ಬಣ್ಣದ ಸುದ್ದಿ ಎತ್ತಬಾರ್ದು!"

"ಆಗಲಿ ತಾಯೀ," ಎಂದು ಅಜ್ಜಿ ಗಲ್ಲ ಬಡಿದುಕೊಂಡರು. ಬೀಗರ ಮುಂದೆ ಬೇರೆ ದಾರಿಯಿಲ್ಲದೆ ಶಾರದಕ್ಕನೂ ಕೈ ಮುಗಿದಳು. ನನ್ನ ಜನ್ಮ ಸಾರ್ಥಕವಾಯಿತು!

ಆಮೇಲೆ ಬಚ್ಚಲಿಗೆ ಹೋಗಿ, ಮಿರ್ಚಿ ಭಜಿಗೆಂದು ತಂದಿಟ್ಟಿದ್ದ ಕಡಲೆಹಿಟ್ಟಿನಿಂದ ಚರ್ಮ ಕೀಳುವಂತೆ ತಿಕ್ಕಿ ಮುಖ ತೊಳೆದು, ಊಟಕ್ಕೆ ಕುಳಿತೆ. ಪಕ್ಕದಲ್ಲೇ ಅಜ್ಜಿ. ನನ್ನ ಮುಖವನ್ನೇ ದಿಟ್ಟಿಸಿ, ದನಿ ತಗ್ಗಿಸಿದರು.

"ದೇವಿ ಹೋದ್ಲೇನವ್ವಾ? ಬಣ್ಣದ ಸುದ್ದಿ ಎತ್ತಬ್ಯಾಡ ಅಂದಾಳ, ನಾ ಎತ್ತಂಗಿಲ್ಲ. ಆದ್ರ ನಿನ್ನ ಮುಖ ಭಾಳ ಒಣಗೇತಿ. ಏನಾರ ಎಣ್ಣಿ ಹಚ್ಚು!"

ಎದುರು ಸಾಲಿನಲ್ಲಿದ್ದ ಗಂಡನಿಗೆ ಸಾರು ನೆತ್ತಿಗೇರಿತು. ಇಬ್ಬರಿಗೂ ಒಂದು ಶಾಪ ಕೊಡೋಣವೆಂದರೆ, ಮುಖ ತೊಳೆದುಬಿಟ್ಟಿದ್ದೆ. ಸುಮ್ಮನೆ ಹೋಳಿಗೆ ತಿಂದೆ.