ಪರದೆಯ ಮುಂದಿನ ಪ್ರವಾಸ

ಮದುವೆಯಾಗಿ ಐದು ವರ್ಷವಾದರೂ ಹೆಂಡತಿಗೆ ಒಂದು ಜಲಪಾತ ತೋರಿಸಲಿಲ್ಲ ಎಂಬುದು ನನ್ನ ಮೇಲಿರುವ ಖಾಯಂ ಆರೋಪ. ನಾನಾದರೂ ಏನು ಮಾಡಲಿ? ರಜೆಯ ಅರ್ಜಿ ಕಂಡರೆ ನಮ್ಮ ಮ್ಯಾನೇಜರು ಹಾವು ತುಳಿದವರಂತೆ ಹಾರಿಬೀಳುತ್ತಾರೆ.

"ನನ್ನ ತಮ್ಮ ಊರೂರು ಸುತ್ತಿ ಫೋಟೋ ಕಳಿಸ್ತಾನೆ. ನಾವೇನು ಕಳಿಸೋಣ ಹೇಳಿ? ನಿಮ್ಮ ಆಫೀಸಿನ ಬೀರುವಿನ ಫೋಟೋನಾ?" ಎಂದಳು ಒಂದು ಬೆಳಿಗ್ಗೆ.

ಆ ಕ್ಷಣವೇ ನನಗೆ ಜ್ಞಾನೋದಯವಾಯಿತು. ಪಕ್ಕದ ಬೀದಿಯ ಸ್ಟುಡಿಯೋದಲ್ಲಿ ಗೋಡೆಯಗಲದ ಪರದೆಯಿತ್ತು. ಅದರ ಮೇಲೆ ಬೆಟ್ಟ, ಧುಮ್ಮಿಕ್ಕುವ ಜಲಪಾತ, ಮೇಲೊಬ್ಬ ಚಂದ್ರ (ಸೂರ್ಯನೂ ಇರಬಹುದು, ಬರೆದವನಿಗೇ ಅನುಮಾನವಿದ್ದಂತಿತ್ತು). ಭಾನುವಾರ ಸೂಟ್‌ಕೇಸು ಸಮೇತ ಹೊರಟು, ಏಳೇ ನಿಮಿಷದಲ್ಲಿ ಗಮ್ಯಸ್ಥಾನ ತಲುಪಿದೆವು.

"ದೂರ ನೋಡಿ ಸಾರ್!" ಎಂದು ಫೋಟೋಗ್ರಾಫರು ಕಪ್ಪು ಬಟ್ಟೆಯೊಳಗಿಂದ ಕೂಗಿದರು. "ದೂರ ಅಂದ್ರೆ ಗಡಿಯಾರ ಅಲ್ಲ ಸಾರ್!"

ಫೋಟೋ ತವರಿಗೆ ಹೋಯಿತು. ಅತ್ತೆಯವರು ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರಂತೆ. ನನ್ನವಳು ವಾರವಿಡೀ ನಗುನಗುತ್ತಾ ಇದ್ದಳು. ನಾನು ಮೀಸೆ ತಿರುವಿದೆ.

ತಿಂಗಳಾಗಲಿಲ್ಲ, ಭಾಮೈದ ಪ್ರತ್ಯಕ್ಷನಾದ. "ಭಾವ, ನಿಮ್ಮ ಫೋಟೋ ನೋಡಿದಾಗಿಂದ ಅಮ್ಮ ಜಲಪಾತ ಜಲಪಾತ ಅಂತ ಪ್ರಾಣ ತಿಂತಿದಾಳೆ. ವ್ಯಾನು ಗೊತ್ತು ಮಾಡಿದೀನಿ. ನೀವಿಬ್ರೂ ಬನ್ನಿ!"

ಕೊನೆಗೂ ನಿಜವಾದ ನೀರು! ಮ್ಯಾನೇಜರ ಮುಂದೆ ಅತ್ತು ಕರೆದು ಮೂರು ದಿನ ರಜೆ ಗಿಟ್ಟಿಸಿದೆ. ಹೊಸ ಚಪ್ಪಲಿಯನ್ನೂ ಕೊಂಡೆ.

ಹೊರಡುವ ದಿನ ವ್ಯಾನು ಬಂತು. ಅತ್ತೆಯವರ ಜೊತೆ ಅವರ ತಂಗಿಯೂ ಇಳಿದರು. ಒಂದು ಸೀಟು ಕಡಿಮೆಯಾಯಿತು.

ಭಾಮೈದ ತಲೆ ಕೆರೆದುಕೊಂಡ. "ಪಾಪ, ಚಿಕ್ಕಮ್ಮ ಜಲಪಾತ ನೋಡೇ ಇಲ್ಲ. ನೀವಿಬ್ರೂ ನೋಡಿದೀರಲ್ಲ..."

"ನಾನೆಲ್ಲೋ ನೋಡ್ದೆ?" ನನ್ನವಳು ತಟ್ಟನೆ ಹೇಳಿದಳು. "ಫೋಟೋಗೋಸ್ಕರ ಬೆನ್ನು ಹಾಕ್ಕೊಂಡೇ ನಿಂತಿದ್ದೆ. ಇವರು ಮಾತ್ರ ತಿರುಗಿ ತಿರುಗಿ ಕಣ್ತುಂಬ ನೋಡಿದ್ರು!"

ಎಲ್ಲರೂ ನನ್ನತ್ತ ತಿರುಗಿದರು. ನಿಜ ಹೇಳೋಣವೆಂದು ಬಾಯಿ ತೆರೆದೆ. ಅತ್ತೆಯವರು ಅಭಿಮಾನದಿಂದ ನನ್ನನ್ನೇ ನೋಡುತ್ತಿದ್ದರು.

"ಹೌದೌದು," ಎಂದೆ, ಕೈಯಲ್ಲಿದ್ದ ಬುತ್ತಿಯ ಚೀಲವನ್ನು ಚಿಕ್ಕಮ್ಮನಿಗೆ ಕೊಡುತ್ತಾ. "ಅಲ್ಲಿ ಬಂಡೆ ತುಂಬಾ ಜಾರುತ್ತೆ. ನೋಡ್ಕೊಂಡು ಕಾಲಿಡಿ."